ಬ್ರೇಕ್ ಬಿಟ್ಟರೆ ಕಾರು ತಾನಾಗಿ ತೆವಳುವುದು ಏಕೆ?

ಪ್ರಶ್ನೆ: ಇಪ್ಪತ್ತು ವರ್ಷ ಮ್ಯಾನುಯಲ್ ಗೇರಿನ ಕಾರು ಓಡಿಸಿದ ನಾನು ಆರು ತಿಂಗಳ ಹಿಂದೆ ಏಳು ಗೇರುಗಳ ಡ್ಯುಯಲ್ ಕ್ಲಚ್ ಆಟೋಮ್ಯಾಟಿಕ್ ಕಾರು ಕೊಂಡೆ. ಬ್ರೇಕಿನಿಂದ ಕಾಲು ತೆಗೆದೊಡನೆ ಅದು ತಾನಾಗಿ ಮುಂದಕ್ಕೆ ತೆವಳುತ್ತದೆ. ಬೆಂಗಳೂರಿನಲ್ಲಿರುವ ಮಗಳ ವಿದ್ಯುತ್ ಕಾರಿನಲ್ಲಿ ಎಂಜಿನ್ನೇ ಇಲ್ಲ, ಅದೂ ಹಾಗೆಯೇ ತೆವಳುತ್ತದೆ. ಹಾಸನದಿಂದ ಮಂಗಳೂರಿಗೆ ಹೋಗುವಾಗ ಶಿರಾಡಿ ಘಾಟಿಯ ಇಳಿಜಾರಿನಲ್ಲಿ ನನ್ನ ಕಾರು ತಾನಾಗಿ ಕೆಳಗಿನ ಗೇರಿಗೆ ಬಂದು ಎಂಜಿನ್ ಕೂಗತೊಡಗುತ್ತದೆ. ತಮ್ಮನ ಎಎಂಟಿ ಕಾರಿನಲ್ಲಿ ಗೇರು ಬದಲಾದಾಗಲೆಲ್ಲ ತಲೆ ತೂಗುತ್ತದೆ. ಗ್ಯಾರೇಜಿನವರು, ಗೇರ್‌ಬಾಕ್ಸ್ ನಿಮ್ಮ ಚಾಲನೆಯನ್ನು ಕಲಿತುಕೊಳ್ಳುತ್ತದೆ, ಸ್ವಲ್ಪ ದಿನ ಕಾಯಿರಿ ಎನ್ನುತ್ತಾರೆ. ಇವುಗಳಲ್ಲಿ ದೋಷ ಯಾವುದು, ಸ್ವಭಾವ ಯಾವುದು?

ಉತ್ತರ: ನೀವು ಹೇಳಿದವುಗಳಲ್ಲಿ ಒಂದೂ ದೋಷವಲ್ಲ. ಆದರೆ ಎಲ್ಲವನ್ನೂ ಯಂತ್ರದ ಸ್ವಭಾವ ಎಂದುಬಿಡುವುದೂ ಸರಿಯಲ್ಲ. ಅವುಗಳಲ್ಲಿ ಕೆಲವು ಮಾತ್ರ ಯಂತ್ರದ ರಚನೆಯಿಂದ ತಾನಾಗಿ ಬಂದಿವೆ. ಉಳಿದವನ್ನು, ಚಾಲಕರ ಕಾಲು ಮತ್ತು ಕಿವಿ ಮೊದಲೇ ರೂಢಿಸಿಕೊಂಡಿರುವುದನ್ನು ಕೆಡಿಸಬಾರದೆಂದು ಎಂಜಿನಿಯರುಗಳು ಉದ್ದೇಶಪೂರ್ವಕವಾಗಿ ತಂದಿಟ್ಟಿದ್ದಾರೆ. ಗೇರ್‌ಬಾಕ್ಸಿನ ಕ್ಯಾಲಿಬ್ರೇಶನ್, ಅಂದರೆ ಅದು ಯಾವಾಗ ಏನು ಮಾಡಬೇಕೆಂಬ ಅಂಕಿಗಳನ್ನು ಹೊಂದಿಸುವ ಕೆಲಸದಲ್ಲಿ ಬಹಳ ವರ್ಷ ಕಳೆದವನಾಗಿ ಹೇಳುವುದಾದರೆ, ಹಲ್ಲುಚಕ್ರಗಳ ಲೆಕ್ಕ ಮುಗಿಯುವುದು ಬೇಗ. ಪೆಡಲಿನ ಮೇಲಿರುವ ಕಾಲು ಏನನ್ನು ನಿರೀಕ್ಷಿಸುತ್ತಿದೆ ಎಂಬುದರ ಲೆಕ್ಕ ಮುಗಿಯುವುದೇ ಇಲ್ಲ.

ಮೊದಲು ತೆವಳುವಿಕೆಯನ್ನು ನೋಡೋಣ. ದೊಡ್ಡ ಪ್ರಮಾಣದಲ್ಲಿ ತಯಾರಾದ ಮೊದಲ ಪೂರ್ಣ ಸ್ವಯಂಚಾಲಿತ ಗೇರ್‌ಬಾಕ್ಸ್ ಅಮೆರಿಕದ ಜನರಲ್ ಮೋಟಾರ್ಸ್ ಸಂಸ್ಥೆಯ ಹೈಡ್ರಾಮ್ಯಾಟಿಕ್. ಅದು 1940ರ ಮಾದರಿಯ ಓಲ್ಡ್ಸ್‌ಮೊಬಿಲ್ ಕಾರುಗಳಲ್ಲಿ ಬಂದಿತು. ಎಂಜಿನ್ನಿಗೂ ಗೇರುಗಳಿಗೂ ನಡುವೆ ಅದರಲ್ಲಿ ಕ್ಲಚ್ ತಟ್ಟೆಯ ಬದಲು ಎಣ್ಣೆ ತುಂಬಿದ ಜೋಡಣೆಯಿತ್ತು. ಎದುರುಬದುರಾಗಿಟ್ಟ ಎರಡು ಫ್ಯಾನುಗಳಲ್ಲಿ ಒಂದನ್ನು ತಿರುಗಿಸಿದರೆ ಅದರ ಗಾಳಿಗೆ ಇನ್ನೊಂದೂ ತಿರುಗುವಂತೆ, ಎಂಜಿನ್ ಕಡೆಯ ರೆಕ್ಕೆಗಳು ಎಣ್ಣೆಯನ್ನು ತಳ್ಳುತ್ತವೆ, ಆ ಎಣ್ಣೆ ಗೇರಿನ ಕಡೆಯ ರೆಕ್ಕೆಗಳನ್ನು ತಳ್ಳುತ್ತದೆ. 1948ರಲ್ಲಿ ಬ್ಯೂಕ್ ಕಾರಿನ ಡೈನಾಫ್ಲೋದೊಂದಿಗೆ ಬಂದ ಟಾರ್ಕ್ ಕನ್ವರ್ಟರ್ ಇದರದ್ದೇ ಸುಧಾರಿತ ರೂಪ. ಎಂಜಿನ್ ನಿಂತಲ್ಲೇ ಮೆಲ್ಲಗೆ ಓಡುತ್ತಿರುವಾಗಲೂ ಎಣ್ಣೆಯಲ್ಲಿ ಒಂದಿಷ್ಟು ತಳ್ಳುಬಲ ಉಳಿದೇ ಇರುತ್ತದೆ. ಬ್ರೇಕ್ ಬಿಟ್ಟರೆ ಆ ಬಲಕ್ಕೆ ಕಾರು ನಡಿಗೆಯ ವೇಗದಲ್ಲಿ ಮುಂದೆ ಸರಿಯುತ್ತದೆ. ಯಾರೂ ಬಯಸಿ ಮಾಡಿದ್ದಲ್ಲ ಅದು. ಎಣ್ಣೆಯ ಜೋಡಣೆಯಿಂದ ತಾನಾಗಿ ಹುಟ್ಟಿದ ಅಡ್ಡಪರಿಣಾಮ.

ಆದರೆ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಕೋಟ್ಯಂತರ ಜನ ಆ ಅಡ್ಡಪರಿಣಾಮವನ್ನು ನಂಬಿಕೊಂಡೇ ಕಾರನ್ನು ಗ್ಯಾರೇಜಿನೊಳಕ್ಕೆ ಸರಿಸಿದರು, ಸಾಲಿನಲ್ಲಿ ಒಂದೊಂದೇ ಅಡಿ ಮುಂದೆ ಹೋದರು, ಏರಿನಲ್ಲಿ ಹಿಂದಕ್ಕೆ ಜಾರದೆ ಹೊರಟರು. ಹೀಗಾಗಿ, 2003ರಲ್ಲಿ ಫೋಕ್ಸ್‌ವ್ಯಾಗನ್ ಗಾಲ್ಫ್ ಆರ್32 ಕಾರಿನ ಮೂಲಕ ಡ್ಯುಯಲ್ ಕ್ಲಚ್ ಮಾರುಕಟ್ಟೆಗೆ ಬಂದಾಗ ಒಂದು ಪ್ರಶ್ನೆ ಎದುರಾಯಿತು. ಇದರಲ್ಲಿ ಎಣ್ಣೆಯ ಜೋಡಣೆ ಇಲ್ಲ. ಬೆಸ ಸಂಖ್ಯೆಯ ಗೇರುಗಳಿಗೆ ಒಂದು ಕ್ಲಚ್, ಸಮ ಸಂಖ್ಯೆಯವಕ್ಕೆ ಇನ್ನೊಂದು. ಒಂದು ಕೆಲಸ ಮಾಡುತ್ತಿರುವಾಗಲೇ ಮುಂದಿನ ಗೇರು ಮತ್ತೊಂದರಲ್ಲಿ ಸಿದ್ಧವಾಗಿ ಕುಳಿತಿರುತ್ತದೆ. ಇಂಥ ಕಾರು ಬ್ರೇಕ್ ಬಿಟ್ಟರೆ ಸುಮ್ಮನೆ ನಿಲ್ಲಬಲ್ಲದು. ಹಾಗೆ ನಿಲ್ಲುವುದೇ ಅದಕ್ಕೆ ಸಹಜ, ಕ್ಲಚ್ಚಿಗೂ ಕ್ಷೇಮ. ಆದರೂ ಅದು ತೆವಳುವಂತೆ ಮಾಡಲಾಯಿತು. ನಿಮ್ಮ ಕಾರಿನಲ್ಲಿ ಬ್ರೇಕ್ ಬಿಟ್ಟೊಡನೆ ಕಂಪ್ಯೂಟರು ಮೊದಲ ಗೇರಿನ ಕ್ಲಚ್ಚನ್ನು ಅರ್ಧಂಬರ್ಧ ಒತ್ತಿ ಉಜ್ಜುವಂತೆ ಮಾಡುತ್ತದೆ. ಮ್ಯಾನುಯಲ್ ಕಾರಿನಲ್ಲಿ ನೀವು ಎಡಗಾಲಿನಿಂದ ಮಾಡುತ್ತಿದ್ದ ಅದೇ ಹಾಫ್ ಕ್ಲಚ್ ಇದು.

ಇದಕ್ಕೆ ಬೆಲೆ ತೆರಬೇಕಾಗುತ್ತದೆ. ಉಜ್ಜುವ ಕ್ಲಚ್ ಬಿಸಿಯಾಗುತ್ತದೆ. ಎಣ್ಣೆಯಲ್ಲಿ ಮುಳುಗಿರುವ ಕ್ಲಚ್ಚುಗಳಲ್ಲಿ ಆ ಬಿಸಿಯನ್ನು ಎಣ್ಣೆ ಹೊತ್ತೊಯ್ಯುತ್ತದೆ. ಒಣ ಕ್ಲಚ್ಚುಗಳಲ್ಲಿ ಅದು ಲೋಹದಲ್ಲೇ ಕುಳಿತು ಗಾಳಿಗೆ ನಿಧಾನವಾಗಿ ಆರಬೇಕು. ಯುರೋಪಿನ ಹೆದ್ದಾರಿಗಳಲ್ಲಿ ಇದು ದೊಡ್ಡ ಸಂಗತಿಯಲ್ಲ. ಸಿಲ್ಕ್ ಬೋರ್ಡ್ ಅಥವಾ ಹೆಬ್ಬಾಳದಲ್ಲಿ ಸಂಜೆ ಆರು ಗಂಟೆಗೆ ಒಂದು ಗಂಟೆ ಕಾಲ ಅಡಿ ಅಡಿಯಾಗಿ ತೆವಳುವ ಕಾರಿಗೆ ಇದೇ ದೊಡ್ಡ ಸಂಗತಿ. ಆದ್ದರಿಂದ ನಿಮಗೆ ನನ್ನ ಸಲಹೆ ಇಷ್ಟು: ಮುಂದಿನ ಕಾರು ಒಂದು ಅಡಿ ಸರಿದ ಮಾತ್ರಕ್ಕೆ ಬ್ರೇಕನ್ನು ಅರೆಬರೆ ಸಡಿಲಿಸಿ ತೆವಳಬೇಡಿ, ಒಂದು ಕಾರಿನುದ್ದದ ಜಾಗ ಆಗುವವರೆಗೂ ಬ್ರೇಕನ್ನು ಪೂರ್ತಿ ಒತ್ತಿ ನಿಂತು, ಆಮೇಲೆ ಸರಿಯಾಗಿ ಹೊರಡಿ. ಬ್ರೇಕ್ ಗಟ್ಟಿಯಾಗಿ ಒತ್ತಿದ್ದಾಗ ಕಂಪ್ಯೂಟರು ಸಾಮಾನ್ಯವಾಗಿ ಕ್ಲಚ್ಚನ್ನು ಪೂರ್ತಿ ಬಿಡಿಸಿಬಿಡುತ್ತದೆ. ಹೀಗಾಗಿ ಮ್ಯಾನುಯಲ್ ಕಾರಿನ ಅಭ್ಯಾಸದಂತೆ ಪ್ರತಿ ಸಿಗ್ನಲ್ಲಿನಲ್ಲೂ ನ್ಯೂಟ್ರಲ್‌ಗೆ ಹಾಕುವ ಅಗತ್ಯವಿಲ್ಲ. ಫ್ಲೈಓವರಿನ ಏರಿನಲ್ಲಿ ಆಕ್ಸಿಲರೇಟರನ್ನು ಮೆಲ್ಲಗೆ ಒತ್ತಿಹಿಡಿದು ಕಾರನ್ನು ನಿಲ್ಲಿಸಿಕೊಳ್ಳುವ ಕಸರತ್ತನ್ನಂತೂ ಇವತ್ತೇ ಬಿಡಿ. ಮ್ಯಾನುಯಲ್ ಕಾರಿನಲ್ಲಿ ಅದನ್ನು ಕೌಶಲ ಎಂದು ಮೆಚ್ಚುತ್ತಿದ್ದರು. ಒಣ ಕ್ಲಚ್ಚಿನ ಆಟೋಮ್ಯಾಟಿಕ್‌ನಲ್ಲಿ ಅದು ಕ್ಲಚ್ಚನ್ನು ಸುಡುವ ಅತಿ ನೇರವಾದ ದಾರಿ.

ಮಗಳ ವಿದ್ಯುತ್ ಕಾರಿನ ವಿಷಯ ಇನ್ನೂ ಸ್ವಾರಸ್ಯಕರ. ವಿದ್ಯುತ್ ಮೋಟಾರು ನಿಂತ ಸ್ಥಿತಿಯಿಂದಲೇ ಪೂರ್ಣ ಬಲ ಕೊಡುವುದರಿಂದ ಅದಕ್ಕೆ ನಿಂತಲ್ಲೇ ಓಡುತ್ತಿರಬೇಕಾದ ಪ್ರಮೇಯವಿಲ್ಲ, ಕ್ಲಚ್ ಬೇಡ, ಹೆಚ್ಚಿನ ಕಾರುಗಳಲ್ಲಿ ಒಂದಕ್ಕಿಂತ ಹೆಚ್ಚು ಗೇರೂ ಬೇಡ. ಅಲ್ಲಿ ತೆವಳುವಿಕೆ ಎಂಬುದು ಅಪ್ಪಟ ಸಾಫ್ಟ್‌ವೇರ್. ಆಕ್ಸಿಲರೇಟರ್ ಒತ್ತದಿದ್ದಾಗಲೂ ಇಷ್ಟು ಟಾರ್ಕ್, ಅಂದರೆ ತಿರುಗಿಸುವ ಬಲ, ಕೊಡು ಎಂದು ಬರೆದಿಟ್ಟ ಒಂದು ಸಾಲು. ಟೆಸ್ಲಾದ ಮಾಡೆಲ್ ಎಸ್ ಮೊದಲು ತೆವಳದ ಕಾರಾಗಿಯೇ ಬಂದಿತ್ತು. ಆಮೇಲೆ ಸಾಫ್ಟ್‌ವೇರ್ ಮೂಲಕ ಅದಕ್ಕೆ ತೆವಳುವ ಆಯ್ಕೆಯನ್ನು ಸೇರಿಸಲಾಯಿತು. ಹಳೆಯ ಎಣ್ಣೆಯ ಜೋಡಣೆಯ ನೆನಪನ್ನು ಅಂಥ ಜೋಡಣೆಯೇ ಇಲ್ಲದ ಯಂತ್ರದಲ್ಲಿ ಕಾಪಾಡಿಕೊಳ್ಳುವುದು ಬರಿಯ ಗತಕಾಲದ ಮೋಹವೆಂದು ನನಗೂ ಒಮ್ಮೆ ಅನಿಸಿತ್ತು. ಈಗ ಹಾಗೆ ಅನಿಸುವುದಿಲ್ಲ, ಏಕೆಂದರೆ ಸದ್ದಿಲ್ಲದ ಕಾರು ಗೇರಿನಲ್ಲಿದೆಯೋ ಇಲ್ಲವೋ ಎಂಬುದನ್ನು ಚಾಲಕನಿಗೆ ನೆನಪಿಸಲು ಬ್ರೇಕಿನಡಿಯ ಆ ಸಣ್ಣ ತಳ್ಳಾಟಕ್ಕಿಂತ ಒಳ್ಳೆಯ ಸೂಚನೆ ಇನ್ನೊಂದಿಲ್ಲ. ನಿಂತಿದೆ ಎಂದುಕೊಂಡು ಫೋನಿನತ್ತ ಬಗ್ಗಿದವನ ಕಾಲು ಆಕ್ಸಿಲರೇಟರಿಗೆ ತಾಗಿದರೆ ಏನಾದೀತೆಂದು ಯೋಚಿಸಿ.

ಈಗ ಶಿರಾಡಿಗೆ ಬರೋಣ. ಗೇರ್‌ಬಾಕ್ಸಿನ ಕಂಪ್ಯೂಟರಿನೊಳಗೆ ಶಿಫ್ಟ್ ಮ್ಯಾಪ್ ಎಂಬ ನಕ್ಷೆಯೊಂದಿರುತ್ತದೆ. ಅದರ ಒಂದು ಅಂಚಿನಲ್ಲಿ ಕಾರಿನ ವೇಗ, ಇನ್ನೊಂದು ಅಂಚಿನಲ್ಲಿ ಆಕ್ಸಿಲರೇಟರ್ ಎಷ್ಟು ಒತ್ತಿದೆ ಎಂಬುದು. ನಡುವೆ ಮೇಲಿನ ಗೇರಿಗೆ ಹೋಗುವ ಗೆರೆಗಳು ಮತ್ತು ಕೆಳಗಿನ ಗೇರಿಗೆ ಬರುವ ಗೆರೆಗಳು. ಎರಡೂ ಒಂದೇ ಜಾಗದಲ್ಲಿದ್ದರೆ ಆ ವೇಗದ ಸುತ್ತಮುತ್ತ ಗೇರು ಮೇಲೆ ಕೆಳಗೆ ಆಡುತ್ತಲೇ ಇದ್ದು ಚಾಲಕನಿಗೆ ರೇಗುತ್ತದೆ. ಆದ್ದರಿಂದ ಅವುಗಳ ನಡುವೆ ಅಂತರ ಬಿಡುತ್ತಾರೆ. ಮೂರನೇ ಗೇರಿಗೆ ಇಪ್ಪತ್ತೈದು ಕಿಲೋಮೀಟರಿನಲ್ಲಿ ಏರಿದ ಕಾರು, ವೇಗ ಹದಿನೈದಕ್ಕೆ ಇಳಿಯುವವರೆಗೂ ಎರಡಕ್ಕೆ ಮರಳದಿರಬಹುದು. ಪೆಡಲ್ ಮೆಲ್ಲಗೆ ಒತ್ತಿದಾಗ ಗೆರೆಗಳು ಬೇಗ ಬರುತ್ತವೆ, ಏಕೆಂದರೆ ಎಂಜಿನ್ ನಿಧಾನವಾಗಿ ತಿರುಗಿದಷ್ಟೂ ಇಂಧನ ಉಳಿಯುತ್ತದೆ. ನಿಮ್ಮ ಕಾರು ನಗರದಲ್ಲಿ ಅವಸರವಸರವಾಗಿ ಮೇಲಿನ ಗೇರಿಗೆ ಹಾರುತ್ತದೆ ಎಂದು ನೀವು ಮುಂದೆ ದೂರಿದರೆ, ಮೈಲೇಜಿನ ಅಂಕಿಗಾಗಿ ಎಂಬುದೇ ಅದಕ್ಕೂ ಉತ್ತರ.

ಈ ನಕ್ಷೆಯನ್ನಷ್ಟೇ ನಂಬಿದ ಹಳೆಯ ಆಟೋಮ್ಯಾಟಿಕ್ ಕಾರುಗಳು ಘಾಟಿಯಲ್ಲಿ ಅಪಾಯಕರವಾಗಿ ವರ್ತಿಸುತ್ತಿದ್ದವು. ಇಳಿಜಾರಿನಲ್ಲಿ ಚಾಲಕ ಆಕ್ಸಿಲರೇಟರಿನಿಂದ ಕಾಲು ತೆಗೆಯುತ್ತಾನೆ, ವೇಗ ಏರುತ್ತಿರುತ್ತದೆ; ನಕ್ಷೆಯ ಕಣ್ಣಿಗೆ ಇದು ಸಮತಟ್ಟಾದ ರಸ್ತೆಯಲ್ಲಿ ನಿರಾಳವಾಗಿ ಸಾಗುತ್ತಿರುವ ಕಾರು. ತಕ್ಷಣ ಮೇಲಿನ ಗೇರು. ಎಂಜಿನ್ನಿನ ಹಿಡಿತ ತಪ್ಪಿ ಇಡೀ ಭಾರ ಬ್ರೇಕಿನ ಮೇಲೆ ಬೀಳುತ್ತದೆ. ಹತ್ತುವಾಗ ಯಾವ ಗೇರೋ ಇಳಿಯುವಾಗಲೂ ಅದೇ ಗೇರು ಎಂದು ಲಾರಿ ಚಾಲಕರು ಕ್ಲೀನರುಗಳಿಗೆ ಹೇಳಿಕೊಡುವುದುಂಟಲ್ಲ, ನಿಮ್ಮ ಹೊಸ ಕಾರಿಗೆ ಬರೆದಿಟ್ಟಿರುವುದು ಆ ಪಾಠವನ್ನೇ. ಎಂಜಿನ್ ಈಗ ಎಷ್ಟು ಬಲ ಕೊಡುತ್ತಿದೆ, ಆ ಬಲಕ್ಕೆ ಸಮನೆಲದಲ್ಲಿ ಕಾರು ಎಷ್ಟು ವೇಗ ಪಡೆಯಬೇಕಿತ್ತು ಎಂದು ಕಂಪ್ಯೂಟರಿಗೆ ಗೊತ್ತು. ನಿಜವಾಗಿ ಅದಕ್ಕಿಂತ ಹೆಚ್ಚು ಪಡೆಯುತ್ತಿದ್ದರೆ ಇಳಿಜಾರು, ಕಡಿಮೆ ಪಡೆಯುತ್ತಿದ್ದರೆ ಏರು. ಮಾರನಹಳ್ಳಿ ದಾಟಿ ಗುಂಡ್ಯದ ಕಡೆ ಇಳಿಯುವಾಗ ನೀವು ಎರಡು ಮೂರು ಸಲ ಬ್ರೇಕ್ ಒತ್ತಿದ್ದನ್ನೂ ಅದು ಗಮನಿಸುತ್ತದೆ. ಇವನಿಗೆ ವೇಗ ಬೇಡವಾಗಿದೆ ಎಂದು ತೀರ್ಮಾನಿಸಿ ಗೇರನ್ನು ಇಳಿಸುತ್ತದೆ. ಎಂಜಿನ್ ಕೂಗುವುದು ಕೆಟ್ಟಿರುವುದರಿಂದಲ್ಲ, ಬ್ರೇಕಿನ ಕೆಲಸದಲ್ಲಿ ಅದು ಪಾಲು ತೆಗೆದುಕೊಂಡಿರುವುದರಿಂದ.

ಈ ಲೆಕ್ಕಕ್ಕೂ ಮಿತಿಯಿದೆ. ಐದು ಜನ ಕೂತು ಡಿಕ್ಕಿ ತುಂಬ ಸಾಮಾನು ಹೇರಿದ ಕಾರು ಸಮನೆಲದಲ್ಲೂ ಕಂಪ್ಯೂಟರಿಗೆ ಸಣ್ಣ ಏರು ಹತ್ತುತ್ತಿರುವಂತೆ ಕಾಣುತ್ತದೆ. ಧರ್ಮಸ್ಥಳಕ್ಕೆ ಸಂಸಾರ ಸಮೇತ ಹೊರಟಾಗ ನಿಮ್ಮ ಕಾರು ಗೇರು ಬದಲಿಸುವುದರಲ್ಲಿ ತುಸು ಸೋಮಾರಿಯಾದರೆ ಅದಕ್ಕೆ ಇದು ಕಾರಣವಿರಬಹುದು. ರಸ್ತೆಯನ್ನು ಊಹಿಸುವ ಬದಲು ನೋಡಿಯೇ ತಿಳಿಯುವ ಪ್ರಯತ್ನವೂ ನಡೆದಿದೆ: 2013ರಲ್ಲಿ ಬಂದ ರೋಲ್ಸ್ ರಾಯ್ಸ್ ರೇತ್ ಕಾರು ಉಪಗ್ರಹ ಆಧಾರಿತ ನಕ್ಷೆಯಲ್ಲಿ ಮುಂದಿನ ತಿರುವನ್ನು ನೋಡಿಕೊಂಡು ಗೇರನ್ನು ಮೊದಲೇ ಆರಿಸಿಕೊಳ್ಳುತ್ತದೆ.

ತಮ್ಮನ ಕಾರಿನ ತಲೆ ತೂಗಾಟವನ್ನು ನಾನು ಎಲ್ಲಕ್ಕಿಂತ ಹೆಚ್ಚು ಗಮನಿಸಬೇಕಾದದ್ದೆಂದು ಭಾವಿಸುತ್ತೇನೆ, ಏಕೆಂದರೆ ನಿರೀಕ್ಷೆ ಎಂಬುದು ಮೈಯೊಳಗೆ ಹೇಗೆ ಕೂತಿರುತ್ತದೆ ಎನ್ನುವುದು ಅಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಎಎಂಟಿ ಎಂದರೆ ಸಾಧಾರಣ ಮ್ಯಾನುಯಲ್ ಗೇರ್‌ಬಾಕ್ಸೇ; ಕ್ಲಚ್ ಒತ್ತಲು ಮತ್ತು ಗೇರು ಬದಲಿಸಲು ನಿಮ್ಮ ಕೈಕಾಲುಗಳ ಬದಲು ಯಂತ್ರದ ತೋಳುಗಳಿರುತ್ತವೆ. ನಮ್ಮ ದೇಶದಲ್ಲಿ 2014ರಲ್ಲಿ ಮಾರುತಿ ಸೆಲೆರಿಯೋ ಇದನ್ನು ತಂದು, ಸಣ್ಣ ಕಾರಿನವರಿಗೂ ಕ್ಲಚ್ಚಿನಿಂದ ಬಿಡುಗಡೆ ಕೊಟ್ಟಿತು. ಗೇರು ಬದಲಾಗುವ ಹೊತ್ತಿನಲ್ಲಿ ಎಂಜಿನ್ನಿನಿಂದ ಚಕ್ರಕ್ಕೆ ಬಲ ಹೋಗುವುದು ಕ್ಷಣಕಾಲ ಪೂರ್ತಿ ನಿಲ್ಲುತ್ತದೆ. ಆಗ ತಲೆ ಮುಂದಕ್ಕೆ ಬಾಗುತ್ತದೆ, ಬಲ ಮರಳಿದಾಗ ಹಿಂದಕ್ಕೆ ಹೋಗುತ್ತದೆ.

ನಿಮ್ಮ ಹಳೆಯ ಮ್ಯಾನುಯಲ್ ಕಾರಿನಲ್ಲೂ ಬಲ ಅಷ್ಟೇ ಹೊತ್ತು, ಕೆಲವೊಮ್ಮೆ ಅದಕ್ಕಿಂತ ಹೆಚ್ಚು ಹೊತ್ತು ನಿಲ್ಲುತ್ತಿತ್ತು. ಇಪ್ಪತ್ತು ವರ್ಷ ಅದು ನಿಮಗೆ ತಿಳಿಯಲೇ ಇಲ್ಲ, ಏಕೆಂದರೆ ಆಕ್ಸಿಲರೇಟರ್ ಬಿಟ್ಟು ಕ್ಲಚ್ ಒತ್ತಿದವರು ನೀವೇ. ಕತ್ತು ಮತ್ತು ಬೆನ್ನಿನ ಸ್ನಾಯುಗಳು ಅದಕ್ಕೆ ಮೊದಲೇ ಅಣಿಯಾಗುತ್ತಿದ್ದವು. ನಿಮ್ಮ ಪಕ್ಕದಲ್ಲಿ ನಿದ್ದೆ ತೂಗುತ್ತಿದ್ದವರಿಗೆ ಮಾತ್ರ ಅದು ಗೊತ್ತಾಗುತ್ತಿತ್ತು. ಎಎಂಟಿಯಲ್ಲಿ ತೀರ್ಮಾನ ಯಂತ್ರದ್ದು, ಹಾಗಾಗಿ ಚಾಲಕನೇ ಪ್ರಯಾಣಿಕನಾಗಿಬಿಡುತ್ತಾನೆ. ತಮ್ಮನಿಗೆ ಇದನ್ನು ಹೇಳಿ: ಎಂಜಿನ್ನಿನ ಸದ್ದು ಕೇಳಿ ಇನ್ನೇನು ಗೇರು ಬದಲಾಗುತ್ತದೆ ಎನಿಸಿದಾಗ ಆಕ್ಸಿಲರೇಟರಿನಿಂದ ಕಾಲನ್ನು ತುಸು ಹಗುರ ಮಾಡಲಿ. ಗೇರು ಆಗಲೇ ಬದಲಾಗುತ್ತದೆ, ತೂಗಾಟ ಬಹುಪಾಲು ಮಾಯವಾಗುತ್ತದೆ. ಕಾರಿನಲ್ಲಿ ಏನೂ ಬದಲಾಗಿರುವುದಿಲ್ಲ. ತೀರ್ಮಾನದಲ್ಲಿ ಅರ್ಧ ಪಾಲು ಅವನಿಗೆ ಮರಳಿ ಸಿಕ್ಕಿರುತ್ತದೆ, ಅಷ್ಟೇ. 2020ರಲ್ಲಿ ಹ್ಯುಂಡೈ ವೆನ್ಯೂವಿನಲ್ಲಿ ಬಂದ ಐಎಂಟಿ ಎಂಬ ಗೇರ್‌ಬಾಕ್ಸ್ ಈ ಪಾಲನ್ನು ಇನ್ನೊಂದು ಬಗೆಯಲ್ಲಿ ಹಂಚಿತು: ಕ್ಲಚ್ ಪೆಡಲ್ ಹೋಯಿತು, ಗೇರು ಬದಲಿಸುವ ಹಿಡಿ ಕೈಯಲ್ಲೇ ಉಳಿಯಿತು. ಹಿಡಿಯನ್ನು ಮುಟ್ಟಿ ಸರಿಸಲು ಹೊರಟ ಕೈಯ ಇರಾದೆಯನ್ನು ಸೆನ್ಸರೊಂದು ತಿಳಿದು ಕ್ಲಚ್ಚನ್ನು ತಾನೇ ಬಿಡಿಸುತ್ತದೆ.

ಮೈಯಂತೆಯೇ ಕಿವಿಗೂ ನಿರೀಕ್ಷೆಯಿದೆ. ಸಿವಿಟಿ ಎಂಬ ಇನ್ನೊಂದು ಬಗೆಯ ಆಟೋಮ್ಯಾಟಿಕ್ ಗೇರ್‌ಬಾಕ್ಸಿನಲ್ಲಿ ಹಂತದ ಗೇರುಗಳಿಲ್ಲ. ಅಗಲ ಕಿರಿದಾಗುವ ಎರಡು ರಾಟೆಗಳ ನಡುವೆ ಬೆಲ್ಟೊಂದು ಓಡುತ್ತಾ ಎಂಜಿನ್ನಿನ ಮತ್ತು ಚಕ್ರದ ವೇಗಗಳ ಅನುಪಾತವನ್ನು ಎಡೆಬಿಡದೆ ಬದಲಿಸುತ್ತದೆ. ಎಂಜಿನ್ನನ್ನು ಅತ್ಯಂತ ಅನುಕೂಲವಾದ ವೇಗದಲ್ಲಿ ನಿಲ್ಲಿಸಿಕೊಂಡು ಕಾರನ್ನು ಮಾತ್ರ ಓಡಿಸುತ್ತಾ ಹೋಗಬಹುದು ಎಂಬುದೇ ಅದರ ಹೆಚ್ಚುಗಾರಿಕೆ. ಕಾರು ಓಡಿಸುವವರು ದೂರುವುದೂ ಅದನ್ನೇ: ಸದ್ದು ಮೊದಲು ಏರುತ್ತದೆ, ವೇಗ ಆಮೇಲೆ ಬರುತ್ತದೆ, ಎಳೆದ ರಬ್ಬರಿನಂತೆ. ಹೀಗಾಗಿ ಹೋಂಡಾ ಸಿಟಿಯಂಥ ಸಿವಿಟಿ ಕಾರುಗಳಲ್ಲಿ ಏಳು ಕೃತಕ ಹಂತಗಳನ್ನು ಇಡಲಾಯಿತು. ಇಲ್ಲದ ಗೇರುಗಳು ಬದಲಾದಂತೆ ಸದ್ದು ಏರಿ ಇಳಿಯುತ್ತದೆ. ಹಾಗೆ ಮಾಡುವಾಗ ಎಂಜಿನ್ ತನ್ನ ಅನುಕೂಲದ ಜಾಗದಿಂದ ಸ್ವಲ್ಪ ಸರಿಯಲೇಬೇಕು, ಆದರೂ ಕಿವಿಗಾಗಿ ಆ ನಷ್ಟವನ್ನು ಒಪ್ಪಿಕೊಂಡಿದ್ದಾರೆ. ತಮಾಷೆಯೆಂದರೆ, 1980ರ ದಶಕದ ಕೈನೆಟಿಕ್ ಹೋಂಡಾದಿಂದ ಇಂದಿನ ಆಕ್ಟಿವಾವರೆಗೆ ನಮ್ಮ ಗೇರಿಲ್ಲದ ಪೆಟ್ರೋಲ್ ಸ್ಕೂಟರುಗಳಲ್ಲಿರುವುದೂ ಬೆಲ್ಟಿನ ಇದೇ ಏರ್ಪಾಡು, ಮತ್ತು ಅವುಗಳ ಸದ್ದಿನ ಬಗ್ಗೆ ಯಾರೂ ದೂರಿದ್ದನ್ನು ನಾನು ಕೇಳಿಲ್ಲ. ಸ್ಕೂಟರ್ ಹಾಗೆಯೇ ಕೂಗುತ್ತದೆ ಎಂದು ನಾವು ಒಪ್ಪಿಕೊಂಡುಬಿಟ್ಟಿದ್ದೇವೆ. ಕಾರಿನಿಂದ ಮಾತ್ರ ಬೇರೆ ರಾಗ ಬೇಕು. ಈ ರಾಗದ ಬೇಡಿಕೆ ಎಲ್ಲಿಯವರೆಗೆ ಹೋಗಿದೆ ಎಂದರೆ, 2023ರಲ್ಲಿ ಬಂದ ಹ್ಯುಂಡೈ ಐಯಾನಿಕ್ 5 ಎನ್ ಎಂಬ ವಿದ್ಯುತ್ ಕಾರು ಬೇಕೆಂದಾಗ ಎಂಟು ಗೇರುಗಳಿರುವಂತೆ ನಟಿಸುತ್ತದೆ, ಗೇರು ಬದಲಾದಾಗಿನ ಸಣ್ಣ ಎಳೆತದ ಸಮೇತ.

ಕಲಿಯುವ ಮಾತಿನಲ್ಲಿ ನಿಮ್ಮ ಗ್ಯಾರೇಜಿನವರು ಎರಡು ಬೇರೆ ಸಂಗತಿಗಳನ್ನು ಒಂದೇ ಮಾಡಿದ್ದಾರೆ. ಗೇರ್‌ಬಾಕ್ಸ್ ದೀರ್ಘಕಾಲ ನೆನಪಿಟ್ಟುಕೊಳ್ಳುವುದು ಮುಖ್ಯವಾಗಿ ತನ್ನದೇ ದೇಹವನ್ನು: ಕ್ಲಚ್ ಸವೆದಂತೆ ಅದು ಯಾವ ಹಂತದಲ್ಲಿ ಹಿಡಿಯತೊಡಗುತ್ತದೆ, ಎಷ್ಟು ಒತ್ತಡ ಬೇಕು ಎಂಬ ಅಂಕಿಗಳನ್ನು ಅದು ತಿದ್ದಿಕೊಳ್ಳುತ್ತಾ ಹೋಗುತ್ತದೆ. ನಿಮ್ಮ ಚಾಲನೆಯನ್ನೂ ಅದು ಗಮನಿಸುತ್ತದೆ, ಆದರೆ ಆ ನೆನಪು ಹೆಚ್ಚಿನ ಕಾರುಗಳಲ್ಲಿ ಗಿಡ್ಡ. ಪೆಡಲನ್ನು ಎಷ್ಟು ಒತ್ತಿದಿರಿ ಎನ್ನುವುದರಷ್ಟೇ ಎಷ್ಟು ರಭಸದಿಂದ ಒತ್ತಿದಿರಿ ಎನ್ನುವುದೂ ಅದಕ್ಕೆ ಮುಖ್ಯ. ಪೆಡಲಿನಿಂದ ಕಾಲನ್ನು ತಟ್ಟನೆ ಎತ್ತಿದರೆ, ಇವನು ತಿರುವಿಗೆ ಬರುತ್ತಿದ್ದಾನೆ ಎಂದು ಊಹಿಸಿ ಗೇರನ್ನು ಅಲ್ಲೇ ಹಿಡಿದಿಡುತ್ತದೆ. ಮೆಲ್ಲಗೆ ಎತ್ತಿದರೆ, ಇವನಿಗೆ ಅವಸರವಿಲ್ಲ ಎಂದು ಮೇಲಕ್ಕೆ ಹೋಗುತ್ತದೆ. ಈ ಜಾಣತನ ಹೊಸದೇನಲ್ಲ. ಪೋರ್ಷೆಯ ಟಿಪ್‌ಟ್ರಾನಿಕ್ ಗೇರ್‌ಬಾಕ್ಸ್ 1990ರ ಸುಮಾರಿಗೇ ಚಾಲಕನ ಶೈಲಿ ನೋಡಿ ಬೇರೆ ಬೇರೆ ನಕ್ಷೆಗಳ ನಡುವೆ ಬದಲಿಸಿಕೊಳ್ಳುತ್ತಿತ್ತು. ಒಟ್ಟಿನಲ್ಲಿ ಕಾರು ಗಮನಿಸುವುದು ಈಗಿನ ನಿಮ್ಮನ್ನು, ಕಳೆದ ತಿಂಗಳಿನ ನಿಮ್ಮನ್ನಲ್ಲ. ಬ್ಯಾಟರಿಯ ತಂತಿ ಬಿಚ್ಚಿ ಹಾಕಿದರೆ ಎಲ್ಲ ಮರೆತು ಹೊಸದಾಗುತ್ತದೆ ಎನ್ನುವವರನ್ನು ನಂಬಬೇಡಿ. ಕ್ಲಚ್ಚಿನ ಅಂಕಿಗಳು ಸಾಮಾನ್ಯವಾಗಿ ವಿದ್ಯುತ್ ಹೋದರೂ ಅಳಿಯದ ಜಾಗದಲ್ಲಿರುತ್ತವೆ, ಅವನ್ನು ಸ್ಕ್ಯಾನರಿನಿಂದಲೇ ತಿದ್ದಬೇಕು.

ರೂಢಿಯನ್ನು ಲೆಕ್ಕಿಸದೆ ವಿನ್ಯಾಸ ಮಾಡಿದರೆ ಏನಾಗುತ್ತದೆ ಎಂಬುದಕ್ಕೂ ಒಂದು ದಾಖಲಾದ ಉದಾಹರಣೆಯಿದೆ. ಅಮೆರಿಕದಲ್ಲಿ 2014 ಮತ್ತು 2015ರ ಮಾದರಿಯ ಜೀಪ್ ಗ್ರ್ಯಾಂಡ್ ಚೆರೋಕಿ ಮುಂತಾದ ಕಾರುಗಳಿಗೆ ಹೊಸ ಬಗೆಯ ಗೇರ್ ಹಿಡಿಯನ್ನು ಕೊಡಲಾಯಿತು. ಯಾವ ಸ್ಥಾನ ಆರಿಸಿದರೂ ಅದು ವಿಡಿಯೋ ಆಟದ ಹಿಡಿಯಂತೆ ಮತ್ತೆ ನಡುವಿಗೇ ಮರಳುತ್ತಿತ್ತು. ಯಂತ್ರದ ದೃಷ್ಟಿಯಿಂದ ಅದರಲ್ಲಿ ತಪ್ಪಿರಲಿಲ್ಲ. ಯಾವ ಸ್ಥಾನದಲ್ಲಿದೆ ಎಂದು ದೀಪ ತೋರಿಸುತ್ತಿತ್ತು. ಆದರೆ ಹಿಡಿಯನ್ನು ಮುಂದಕ್ಕೆ ಪೂರ್ತಿ ತಳ್ಳಿದರೆ ಪಾರ್ಕ್ ಎಂಬುದನ್ನು ಜನರ ಕೈ ಕಲಿತಿತ್ತು, ಕಣ್ಣಲ್ಲ. ಪಾರ್ಕ್‌ಗೆ ಹಾಕಿದೆವೆಂದುಕೊಂಡು ಇಳಿದವರ ಹಿಂದೆ ಕಾರು ಉರುಳಿತು. 2016ರ ಏಪ್ರಿಲ್‌ನಲ್ಲಿ ಜಗತ್ತಿನಾದ್ಯಂತ ಸುಮಾರು 11 ಲಕ್ಷ ವಾಹನಗಳನ್ನು ಹಿಂದಕ್ಕೆ ಕರೆಯಲಾಯಿತು. ಬಾಗಿಲು ತೆರೆದೊಡನೆ ಕಾರು ತಾನಾಗಿ ಪಾರ್ಕ್‌ಗೆ ಬರುವಂತೆ ಸಾಫ್ಟ್‌ವೇರ್ ತಿದ್ದಲಾಯಿತು. ನನ್ನ ಕೈಕೆಳಗೆ ಕೆಲಸ ಕಲಿಯಲು ಬರುವ ಹುಡುಗರಿಗೆ ನಾನು ಮೊದಲು ಹೇಳುವುದು ಈ ಪ್ರಕರಣವನ್ನೇ.

ಕೊನೆಯದಾಗಿ, ನಿಜವಾದ ದೋಷಗಳು ಹೇಗಿರುತ್ತವೆ ಎಂಬುದನ್ನೂ ತಿಳಿದಿರಿ. ನಿಂತಲ್ಲಿಂದ ಹೊರಡುವಾಗ ಕಾರು ಗಡಗಡನೆ ನಡುಗಿದರೆ, ಸುಟ್ಟ ವಾಸನೆ ಬಂದರೆ, ರಿವರ್ಸ್ ಹಾಕಿ ಬ್ರೇಕ್ ಬಿಟ್ಟ ಮೇಲೂ ಎರಡು ಮೂರು ಸೆಕೆಂಡು ಏನೂ ಆಗದೆ ಆಮೇಲೆ ಜಗ್ಗಿದರೆ, ಅಥವಾ ಗೇರ್‌ಬಾಕ್ಸ್ ಬಿಸಿಯಾಗಿದೆ ಎಂಬ ಸೂಚನೆ ಪದೇ ಪದೇ ಕಂಡರೆ ಕಾಯುತ್ತಾ ಕೂರಬೇಡಿ. ಅವು ಕಾರು ತಾನಾಗಿ ಕಲಿತು ಸರಿಪಡಿಸಿಕೊಳ್ಳುವ ಸಂಗತಿಗಳಲ್ಲ. ಮಗಳ ಕಾರಿನಲ್ಲಿ ತೆವಳುವಿಕೆಯನ್ನು ನಿಲ್ಲಿಸುವ ಆಯ್ಕೆ ಇದೆಯೇ ಎಂದು ಸೆಟ್ಟಿಂಗ್ಸಿನಲ್ಲಿ ನೋಡಿ. ಅವಳೊಬ್ಬಳೇ ಆ ಕಾರನ್ನು ಓಡಿಸುವುದಾದರೆ ಹೇಗೆ ಇಟ್ಟುಕೊಂಡರೂ ನಡೆಯುತ್ತದೆ. ನೀವಿಬ್ಬರೂ ಎರಡೂ ಕಾರುಗಳನ್ನು ಓಡಿಸುವವರಾದರೆ, ಅದು ಈಗ ಇರುವಂತೆಯೇ ತೆವಳಲಿ. ಭಾನುವಾರ ಅವಳ ಕಾರಿನಿಂದ ಇಳಿದು ಸೋಮವಾರ ನಿಮ್ಮದನ್ನು ಹತ್ತುವ ಕಾಲಿಗೆ ಎರಡು ಬಗೆಯ ರೂಢಿ ಬೇಡ.